ಮೂರು ಜೊತೆ ಬೂಟು

ನಮ್ಮ ಸೀಮೆಯ ಗಂಡಸು ಬೂಟಿಗೂ ತನಗೂ ಸಂಬಂಧವಿದೆ ಎಂದು ಒಪ್ಪಿಕೊಳ್ಳುವುದು ಮೂರೇ ಸಂದರ್ಭಗಳಲ್ಲಿ: ಹೈಸ್ಕೂಲಿನ ಕವಾಯತು, ಕೆಲಸದ ಸಂದರ್ಶನ, ತನ್ನ ಮದುವೆಯ ಆರತಕ್ಷತೆ. ಉಳಿದಂತೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನೆಲ ಚಪ್ಪಲಿಯ ನೆಲ. ಅದಕ್ಕೂ ಹಿಂದೆ ಬರಿಗಾಲಿನ ನೆಲ. ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವವನು ಲಾಡಿ ಬಿಗಿದ ಬೂಟಿನಲ್ಲಿ ಕೆಸರಿಗಿಳಿಯಲಾರ. ರೇಷ್ಮೆಹುಳು ಸಾಕುವ ಮನೆಯೊಳಗಂತೂ ಹೊರಗಿನ ಮೆಟ್ಟಿಗೆ ಪ್ರವೇಶವೇ ಇಲ್ಲ.

ಹಾಗೆಂದು ಇಂಗ್ಲಿಷರ ನಂಟು ನಮಗೆ ಇಲ್ಲದಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಭೂವಿಜ್ಞಾನಿಗಳು ನಮ್ಮ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಆಮೇಲೆ ಊರು ರಾಮನ ಹೆಸರಿಗೆ ತಿರುಗಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಊರು ಹೆಸರು ಬದಲಿಸಿದಷ್ಟು ಸಲ ನಮ್ಮಪ್ಪ ಮೆಟ್ಟು ಬದಲಿಸಿರಲಿಲ್ಲ.

ಮೇಷ್ಟರಾಗಿ ನಿವೃತ್ತನಾದ ನನ್ನಲ್ಲಿ ಮಾತ್ರ ಮೂರು ಜೊತೆ ಕಪ್ಪು ಬೂಟುಗಳಿವೆ. ಮೂರೂ ದೂರದಿಂದ ಒಂದೇ ತರಹ. ಮೊದಲನೆಯದು ಮದುವೆಯಲ್ಲಿ ಮಾವನವರು ಕೊಡಿಸಿದ್ದು. ಎರಡನೆಯದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ತಂದದ್ದು. ಬೂಟಿಗೆ ಹೆಸರಾದ ನಾರ್ತಾಂಪ್ಟನ್ ಊರಿನದು. ಮೂರನೆಯದು ನಮ್ಮ ಬಸ್‌ ನಿಲ್ದಾಣದ ಹತ್ತಿರ ಕೂರುವ ಹಿರಿಯರೊಬ್ಬರು ಹೊಲಿದದ್ದು. ಅವರ ಕಸುಬು ಹೆಚ್ಚಾಗಿ ಕಿತ್ತ ಉಂಗುಷ್ಟ ಹೊಲಿಯುವುದು; ಕೇಳಿದವರಿಗೆ ಬೂಟನ್ನೂ ಮಾಡಿಕೊಡುತ್ತಾರೆ.

ಮೊದಲು ಅಳತೆಯ ಮಾತು. ಇಂಗ್ಲಿಷರ ಲೆಕ್ಕ ಬಾರ್ಲಿ ಕಾಳಿನಿಂದ ಹುಟ್ಟಿದ್ದು. ಮೂರು ಕಾಳು ಸೇರಿದರೆ ಒಂದು ಅಂಗುಲ. ಏಳನೇ ನಂಬರಿಗೂ ಎಂಟನೇ ನಂಬರಿಗೂ ಇರುವ ಅಂತರ ಒಂದು ಕಾಳು. ಇದು ಉದ್ದದ ಲೆಕ್ಕ. ಅಗಲಕ್ಕೆ ಅವರಲ್ಲಿ ಬೇರೆ ಅಕ್ಷರಗಳಿವೆ: ಎಫ್ ಸಾಧಾರಣ, ಜಿ ಅಗಲ. ನಮ್ಮ ಅಂಗಡಿಗಳಿಗೆ ನಂಬರು ಬಂತು, ಅಕ್ಷರ ಬರಲಿಲ್ಲ. ಹುಡುಗನಾಗಿ ಬರಿಗಾಲಿನಲ್ಲಿ ಅಲೆದ ನನ್ನ ಪಾದ ಮುಂಗಾಲಿನಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿದೆ. ಅದಕ್ಕೆ ಅಗಲ ಸಿಕ್ಕಲೆಂದು ಅಂಗಡಿಯವನು ಒಂದು ನಂಬರು ಹೆಚ್ಚು ಕೊಡುತ್ತಾನೆ. ಆಗ ಹಿಮ್ಮಡಿ ಒಳಗೆ ಲಟಕ್ ಲಟಕ್ ಎನ್ನುತ್ತದೆ.

ಇದು ನನ್ನೊಬ್ಬನ ಕಾಲಿನ ಗೋಳಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮವರ ಪಾದ ಐರೋಪ್ಯರದಕ್ಕಿಂತ ಅಗಲ ಎಂದು ಕಂಡುಕೊಂಡಿತು. ನಮ್ಮದೇ ಅಳತೆಗೆ 'ಭಾ' ಎಂಬ ಹೆಸರನ್ನೂ ಸೂಚಿಸಿತು. ಇಷ್ಟು ಕಾಲ ಕಾಲೇ ಸರಿಯಿಲ್ಲ ಎಂದುಕೊಂಡವರಿಗೆ ಇದಕ್ಕಿಂತ ಸಮಾಧಾನ ಬೇಕೆ?

ಅಕ್ಕನ ಮಗ ಬುದ್ಧಿವಂತ. ಕಾಗದದ ಮೇಲೆ ನನ್ನ ಪಾದದ ಗೆರೆ ತೆಗೆಸಿಕೊಂಡು ಹೋಗಿ, ಅಗಲದ ಅಕ್ಷರ ನೋಡಿ ತಂದ. ಅದರಲ್ಲೂ ಆಕ್ಸ್‌ಫರ್ಡ್ ಬಿಟ್ಟು ಡರ್ಬಿ ಆರಿಸಿದ್ದ. ಆಕ್ಸ್‌ಫರ್ಡಿನಲ್ಲಿ ಲಾಡಿಯ ಎರಡು ರೆಕ್ಕೆಗಳೂ ಮುಂಭಾಗದ ಚರ್ಮದ ಕೆಳಗೆ ಹೊಲಿಗೆಯಾಗಿ ಮುಚ್ಚಿಕೊಂಡಿರುತ್ತವೆ. ನೋಡಲು ಚೆಂದ, ಎತ್ತರದ ಪಾದಕ್ಕೆ ಉಸಿರುಗಟ್ಟು. ಡರ್ಬಿಯಲ್ಲಿ ರೆಕ್ಕೆಗಳು ಮೇಲೆಯೇ ಇದ್ದು ಬೇಕಾದಷ್ಟು ಬಿಚ್ಚಿಕೊಳ್ಳುತ್ತವೆ. ನಮ್ಮ ಕಾಲಿಗೆ ಅದೇ ಸರಿ.

ಆದರೂ ಅಳತೆಯಲ್ಲಿ ಗೆದ್ದವರು ಬಸ್‌ ನಿಲ್ದಾಣದ ಹಿರಿಯರೇ. ಅವರು ಪಾದದ ಗೆರೆ ತೆಗೆದು, ಟೇಪನ್ನು ಮೂರು ಕಡೆ ಸುತ್ತಿ, ಹೆಬ್ಬೆರಳಿನ ಬುಡದ ಗಂಟನ್ನು ಒತ್ತಿ ನೋಡಿದರು. ಆಮೇಲೆ ಮರದ ಅಚ್ಚಿನ ಮೇಲೆ ಅದೇ ಜಾಗದಲ್ಲಿ ಚರ್ಮದ ತುಣುಕು ಅಂಟಿಸಿ, ರಂಪಿಗೆಯಿಂದ ಸವರಿ ನನ್ನ ಗಂಟನ್ನೇ ಅಲ್ಲಿ ಮೂಡಿಸಿದರು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡು ಚರಕಿಗೆ ಸಿಕ್ಕಿ ಬೊಂಬೆಯಾಗುವುದನ್ನು ನೋಡಿದ್ದೇನೆ. ಅಲ್ಲಿ ತಿರುಗಿದ್ದೆಲ್ಲ ದುಂಡಗಾಗುತ್ತದೆ. ಕಾಲು ದುಂಡಗಲ್ಲ, ಎಡಗಾಲು ಬಲಗಾಲಿನಂತೆಯೂ ಅಲ್ಲ. ಅಚ್ಚಿನ ಕೆಲಸ ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಚರ್ಮದಲ್ಲಿ ಮಾತ್ರ ಇಂಗ್ಲಿಷ್ ಜೊತೆಯೇ ಮೇಲು. ಎಳೆಗರುವಿನ ಚರ್ಮ, ಮಡಿಸಿದಲ್ಲಿ ನವಿರಾದ ಗೆರೆ ಮೂಡುತ್ತದೆ, ಬಿರಿಯುವುದಿಲ್ಲ. ಮದುವೆಯ ಬೂಟಿನ ಹೊಳಪು ಚರ್ಮದ್ದಲ್ಲ, ಬಳಿದ ಬಣ್ಣದ್ದು. ಎರಡು ಮಳೆಗಾಲಕ್ಕೆ ಅದು ಗೋಡೆಯ ಸುಣ್ಣದಂತೆ ಪದರ ಪದರವಾಗಿ ಎದ್ದಿತು. ಹಿರಿಯರು ಹಾಕಿದ್ದು ರಾಣಿಪೇಟೆ ಕಡೆಯ ಚರ್ಮ: ದಪ್ಪ, ಒರಟು, ಪ್ರಾಮಾಣಿಕ. ಇದರಲ್ಲೊಂದು ವಿಚಿತ್ರವಿದೆ. ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆಯಿಂದ ಹದ ಮಾಡಿದ ಚರ್ಮ 19ನೆಯ ಶತಮಾನದಲ್ಲಿ ಮದರಾಸಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಇಂಗ್ಲಿಷರ ಬೂಟಿನೊಳಗೆ ನಮ್ಮ ತಂಗಡಿಯ ವಾಸನೆಯೂ ಇತ್ತು ಎಂದಾಯಿತು.

ಇನ್ನು ಬೆಲೆ. ನಾರ್ತಾಂಪ್ಟನ್ನಿನ ಒಳ್ಳೆಯ ಜೊತೆಗೆ ನೂರಾರು ಪೌಂಡು; ಒಂದು ಪೌಂಡೆಂದರೆ ಈಗ ನೂರು ರೂಪಾಯಿಗೂ ಮೇಲೆ. ಅಷ್ಟು ಹಣ ಹೋಗುವುದು ಹೊಳಪಿಗಲ್ಲ, ಹೊಲಿಗೆಗೆ. ಮೇಲಿನ ಚರ್ಮದ ಸುತ್ತ ಒಂದು ಪಟ್ಟಿ ಹೊಲಿದು, ಅಟ್ಟೆಯನ್ನು ಆ ಪಟ್ಟಿಗೆ ಹೊಲಿಯುತ್ತಾರೆ. ಈ ಕೈಕೆಲಸವನ್ನು 1870ರ ಸುಮಾರಿಗೆ ಯಂತ್ರಕ್ಕೆ ಕಲಿಸಿದವನು ಅಮೆರಿಕದ ಗುಡ್‌ಇಯರ್; ರಬ್ಬರಿಗೆ ಹೆಸರಾದ ಗುಡ್‌ಇಯರನ ಮಗ. ಅಟ್ಟೆ ಸವೆದರೆ ಪಟ್ಟಿಯಿಂದ ಬಿಚ್ಚಿ ಹೊಸದು ಹಾಕಬಹುದು, ಮೇಲ್ಭಾಗಕ್ಕೆ ನೋವಾಗುವುದಿಲ್ಲ. ಅಂಟು ಹಾಕಿದ ಬೂಟಿಗೆ ಆ ಭಾಗ್ಯವಿಲ್ಲ.

ಇಂಗ್ಲಿಷ್ ಬೂಟಿನ ಅಟ್ಟೆ ಸವೆದಾಗ ಹಿರಿಯರ ಹತ್ತಿರವೇ ಒಯ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಅಂಟಲ್ಲ ಮೇಷ್ಟ್ರೇ, ಹೊಲಿಗೆ. ನಮ್ಮಪ್ಪ ಕೈಯಲ್ಲೇ ಹೊಲೀತಿದ್ರು" ಎಂದರು. ನಾಲ್ಕನೆಯ ದಿನ ಕೊಟ್ಟರು. ಯಂತ್ರದ ಹೊಲಿಗೆಯ ತೂತುಗಳಲ್ಲೇ ಆರಿ ಆಡಿಸಿದ್ದರು, ಒಂದೂ ತಪ್ಪಿರಲಿಲ್ಲ. ಅವರು ಕೇಳಿದ್ದು 800 ರೂಪಾಯಿ. ಪಕ್ಕದಲ್ಲಿ ಹವಾಯಿ ಚಪ್ಪಲಿಗೆ ಬಾರು ಹಾಕಿಸುತ್ತಿದ್ದವನು "ಅಟ್ಟೆಗೆ ಎಂಟುನೂರೇ!" ಎಂದು ನಕ್ಕ.

ಆ ನಗು ನನ್ನನ್ನು ಬಿಡಲಿಲ್ಲ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮೆಟ್ಟು ಹೊಲಿದರೆಂಬ ಕಥೆ ಕೇಳಿ ಕಣ್ಣೀರು ಹಾಕುವವರು ನಾವು. ಮೆಟ್ಟು ಹೊಲಿಯುವವನು ಮೆಟ್ಟು ಹಾಕಿಕೊಂಡು ನಮ್ಮ ಬೀದಿಯಲ್ಲಿ ನಡೆಯಬಾರದೆಂದವರೂ ನಾವೇ. ನಮ್ಮಪ್ಪನ ಕಾಲದಲ್ಲಿ ಹಿರಿಯರ ತಂದೆ, ತಾವೇ ಮಾಡಿದ ಜೋಡನ್ನು ಕೈಯಲ್ಲಿ ಹಿಡಿದು ನಮ್ಮ ಕೇರಿ ದಾಟಿದವರು. ಈಗ ಹಿರಿಯರ ಇಬ್ಬರು ಮಕ್ಕಳೂ ಬಿಡದಿಯ ಕಾರ್ಖಾನೆಗಳಲ್ಲಿದ್ದಾರೆ. ಆರಿ ಹಿಡಿಯಲಿಲ್ಲ, ಹಿಡಿಯೆಂದು ಹೇಳುವ ಬಾಯಿ ನಮಗೆಲ್ಲಿದೆ? ಆದರೆ ಹತ್ತು ಸಲ ಅಟ್ಟೆ ಹಾಕಿಸಬಹುದಾದ ಬೂಟು ಬಾಳುವುದು ಅಟ್ಟೆ ಹಾಕುವ ಕೈ ಇರುವ ಊರಿನಲ್ಲಿ ಮಾತ್ರ. ಅದಿಲ್ಲದಿದ್ದರೆ ನಾರ್ತಾಂಪ್ಟನ್ನಿನದೂ ಒಂದೇ ಅಟ್ಟೆಯ ಬೂಟು.

ಮೂರರಲ್ಲಿ ಸೋತದ್ದು ಮಾವನವರದು ಎಂದು ನೀವು ತೀರ್ಮಾನಿಸಬಹುದು. ಮಾಗಡಿ ಕಡೆಯ ರೈತ ಅವರು. ವರನಿಗೆ ಸೂಟು ಬೂಟು ಆಗಲೇಬೇಕೆಂದು ನಮ್ಮ ಕಡೆಯವರು ಪಟ್ಟು ಹಿಡಿದಾಗ, ಒಂದು ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಕೊಡಿಸಿದ್ದು. ಆ ಬೂಟನ್ನು ಇಟ್ಟುಕೊಂಡಿರುವುದು ಹಾಕಿಕೊಳ್ಳಲಿಕ್ಕಲ್ಲ. ಬೆಲೆಯ ಲೆಕ್ಕ ಬರೆಯುವಾಗ ಕಣ್ಣೆದುರು ಇರಲಿ ಎಂದು.

ಕಳೆದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಹುಡುಗ ಏನೂ ಬೇಡವೆಂದ. ಒಂದು ಜೊತೆ ಬೂಟಾದರೂ ಇರಲೆಂದು ನಾನೇ ಬಸ್‌ ನಿಲ್ದಾಣಕ್ಕೆ ಕರೆದೊಯ್ದೆ. ಹಿರಿಯರು ಕಾಗದ ಹಾಸಿ ಪಾದಕ್ಕೆ ಕೈ ಹಾಕಿದೊಡನೆ ಹುಡುಗ ಕಾಲು ಹಿಂದೆಳೆದುಕೊಂಡು, "ಅಯ್ಯೋ, ದೊಡ್ಡವರು ನೀವು, ಕಾಲು ಮುಟ್ಟಬೇಡಿ" ಎಂದ.

"ಮುಟ್ಟದೆ ಬೂಟು ಹೆಂಗೆ ಮಾಡ್ಲಿ ಸ್ವಾಮಿ? ನೆಟ್ಟಗೆ ಊರಿ" ಎಂದರು ಅವರು, ಪೆನ್ಸಿಲನ್ನು ನೆಟ್ಟಗೆ ಹಿಡಿದು.