ತೊಡೆಯ ಮೇಲೆ ರೈಲು

ಜಗಳೂರಿನಲ್ಲಿ ಬೆಳಗಿನ ದಾವಣಗೆರೆ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೊಂದು ರೈಲು ಎಂಜಿನ್ ಇತ್ತು. ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ ಸುತಳಿ ಬಿಗಿದಿದ್ದೆ. ಡಬ್ಬದ ಒಂದು ತುದಿ ಕಿಟಕಿಗೆ ತಾಗುತ್ತಿತ್ತು, ಇನ್ನೊಂದು ತುದಿ ಓಡಾಡುವ ದಾರಿಗೆ ಚಾಚಿತ್ತು.

"ಡಬ್ಬದಾಗೆ ಏನೈತ್ರಿ?" ಎಂದರು ಕಂಡಕ್ಟರ್.

"ರೈಲೈತ್ರಿ."

ಅವರು ಟಿಕೆಟ್ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತೇಬಿಟ್ಟರು. ಸುತಳಿ ಬಿಚ್ಚಿ, ಸೆರಗು ಸರಿಸಿ ತೋರಿಸಿದೆ. ಕಪ್ಪು ಬಾಯ್ಲರ್, ಕೆಂಪು ಬಂಪರು, ಮುಂದೆ ಒಂದೇ ಕಣ್ಣಿನ ದೀಪ. ಹಿಂದಿನ ಸೀಟಿನಿಂದ ಒಬ್ಬ ಹಿರಿಯರು ಬಗ್ಗಿ, ಬೆರಳ ತುದಿಯಿಂದ ಚಿಮಣಿಯನ್ನು ಮುಟ್ಟಿದರು. "ನಮ್ಮೂರಿಗೂ ರೈಲು ಬಂದಂಗಾತು ಬಿಡ್ರಿ" ಎಂದರು. ಅವರ ದನಿಯಲ್ಲಿದ್ದ ಸಂತೋಷ ನನ್ನ ಎದೆಗೆ ತಾಗಿತು.

ಅವರು ಹಾಗೆಂದದ್ದಕ್ಕೆ ಕಾರಣವಿದೆ. ದಾವಣಗೆರೆಗೆ ರೈಲಿದೆ, ಹರಿಹರಕ್ಕಿದೆ. ಅದೇ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಈ ನಾಲ್ಕು ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. 1997ರಲ್ಲಿ ಜಿಲ್ಲೆ ಆದಾಗ ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ನಾಲ್ಕೂ ಊರನ್ನು ಒಂದೇ ಹಳಿಯ ಮೇಲೆ ಪೋಣಿಸಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ. ಆ ಹಳಿ ಈಗ ನ್ಯಾಮತಿ ಹತ್ತಿರ, ಅಕ್ಕನ ಅಡಿಕೆ ತೋಟದೊಳಗೆ, ಸುತ್ತಳತೆಯಲ್ಲಿ ಮೂವತ್ತು ಮೀಟರ್ ಉದ್ದಕ್ಕೆ ಮಲಗಿದೆ. ಅದರ ಎಂಜಿನ್ನನ್ನು ಅಲ್ಲಿಗೆ ಮುಟ್ಟಿಸಲು ಈ ಪ್ರಯಾಣ.

ತೋಟದಲ್ಲಿ ಓಡಿಸುವ ಮಾದರಿ ರೈಲಿಗೆ ಲೋಕವೆಲ್ಲ ಒಪ್ಪಿಕೊಂಡ ಒಂದು ಹಳಿಯಗಲವಿದೆ: 45 ಮಿಲಿಮೀಟರ್. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಮಳೆ ಬಿಸಿಲು ತಡೆಯುವ ದೊಡ್ಡ ಆಟಿಕೆ ರೈಲುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಯುರೋಪಿನ ಬೆಟ್ಟಸೀಮೆಯ ಮೀಟರ್ ಗೇಜ್ ರೈಲುಗಳನ್ನು ಇಪ್ಪತ್ತೆರಡೂವರೆ ಪಾಲು ಕುಗ್ಗಿಸಿ ಅವರು ಮಾಡಿದ್ದು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾವಿರ ಮಿಲಿಮೀಟರನ್ನು ಇಪ್ಪತ್ತೆರಡೂವರೆಯಿಂದ ಭಾಗಿಸಿದರೆ ನಲವತ್ನಾಲ್ಕೂವರೆಯ ಹತ್ತಿರ ಬರುತ್ತದೆ. ಅಂದರೆ ಆ 45 ಮಿ.ಮೀ. ನಮ್ಮದೇ ಹಳೆಯ ಮೀಟರ್ ಗೇಜು! ದಾವಣಗೆರೆ ಹರಿಹರಗಳನ್ನು ಹಾದು ಹುಬ್ಬಳ್ಳಿಗೆ ಹೋಗುತ್ತಿದ್ದ ಹಳಿ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಮುಟ್ಟಿದ ಹಳಿ, ಮುಂದೆ ತಾಳಗುಪ್ಪದವರೆಗೂ ಕಾಡೊಳಗೆ ನುಗ್ಗಿದ ಹಳಿ. ಇವೆಲ್ಲ ಈಗ ಬ್ರಾಡ್ ಗೇಜ್ ಆಗಿವೆ. ಕಿತ್ತುಹೋದ ಆ ಅಗಲ ನ್ಯೂರೆಂಬರ್ಗ್ ಸುತ್ತಿ ಬಂದು ಅಡಿಕೆ ಮರದ ಬುಡದಲ್ಲಿ ಮತ್ತೆ ಹುಟ್ಟಿತು.

ಎಂಜಿನ್ ವೈಪಿ ಜಾತಿಯದು. ಮೀಟರ್ ಗೇಜಿನ ಪ್ರಯಾಣಿಕ ಗಾಡಿಗಳಿಗೆಂದೇ ಮಾಡಿದ ಇವುಗಳಲ್ಲಿ ಬಹುಪಾಲು ಜಮ್‌ಶೆಡ್‌ಪುರದ ಟೆಲ್ಕೊದಲ್ಲಿ ತಯಾರಾದವು. ನಿಜವಾದದ್ದು ಟೆಂಡರ್ ಸೇರಿ ಸುಮಾರು 19 ಮೀಟರ್. ನನ್ನದು 85 ಸೆಂಟಿಮೀಟರ್. ದೊಡ್ಡ ಗಾಲಿಯ ನಾಲ್ಕೂವರೆ ಅಡಿ ವ್ಯಾಸ ಇಲ್ಲಿ 61 ಮಿಲಿಮೀಟರಿಗೆ ಇಳಿದಿದೆ. ಆ ಆರು ಗಾಲಿಗಳನ್ನು ಹರಿಹರದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಕಡೆಸಿದೆ. 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ಮಾಡುತ್ತಿದ್ದ ಊರದು. ಅಲ್ಲಿ ಗಾಲಿ ಕಡೆದುಕೊಟ್ಟ ಮೇಸ್ತ್ರಿ ಕ್ಯಾಲಿಪರ್ ಹಿಡಿದು ಆರನ್ನೂ ಒಂದೊಂದಾಗಿ ಅಳೆದು, ಕೂದಲೆಳೆ ಹೆಚ್ಚಿದ್ದ ಒಂದನ್ನು ಮತ್ತೆ ಲೇತಿಗೆ ಏರಿಸಿದರು.

ಮೆಟ್ಟಿಲು, ಕೈಪಿಡಿ, ರಿವೆಟ್ಟು ಮುಂತಾದ ಸಣ್ಣಪುಟ್ಟವುಗಳಿಗೆ ಮೈಸೂರಿನ ರೈಲ್ವೆ ಮ್ಯೂಸಿಯಮ್ಮೇ ನನ್ನ ಗುರುಕುಲ. 1979ರಲ್ಲಿ ತೆರೆದ ಆ ಅಂಗಳದಲ್ಲಿ ಮಕ್ಕಳು ಪುಟಾಣಿ ರೈಲಿನಲ್ಲಿ ಸುತ್ತುತ್ತಿದ್ದರೆ ನಾನು ಉಗಿ ಎಂಜಿನ್‌ಗಳ ಕೆಳಗೆ ತಲೆ ತೂರಿಸಿ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ಎಂಜಿನ್ ಹೊಸದರಂತೆ ಹೊಳೆದರೆ ಸುಳ್ಳಾಗುತ್ತದೆ ಎಂದು ಅಲ್ಲಿ ಕಲಿತೆ. ಓಡಿ ದಣಿದ ಎಂಜಿನ್ನಿನ ಬಾಯ್ಲರಿನ ಮೇಲೆ, ಉಗಿ ಸೋರುವ ಕಡೆಯಲ್ಲೆಲ್ಲ ಬಿಳಿಯ ಗೆರೆ ಇಳಿದಿರುತ್ತದೆ. ಗಡಸು ನೀರು ಬಿಟ್ಟುಹೋದ ಸುಣ್ಣ ಅದು. ಬೋರ್‌ವೆಲ್ ನೀರು ಕಾಯಿಸುವ ಜಗಳೂರಿನವನಿಗೆ ಆ ಬಿಳುಪನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬಚ್ಚಲ ಹಂಡೆಯ ಕಂಠದಿಂದಲೇ ಕೆರೆದು, ಅರೆದು, ಕುಂಚದಲ್ಲಿ ಎಳೆದೆ. ಹೊಗೆಗೂಡಿನ ಕಪ್ಪು ಅದೇ ಹಂಡೆಯ ಒಲೆಯ ಮಸಿ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಸಂತೇಬೆನ್ನೂರಿನಲ್ಲಿ ಇಳಿದು, ಪುಷ್ಕರಣಿಯ ಕಟ್ಟೆ ಮೇಲೆ ಅರ್ಧ ಗಂಟೆ ಕೂತೆ. ನೀರಿನ ನಡುವೆ ಮಂಟಪ ನಿಂತಿರುವ ನಿಲುವನ್ನು ಎಷ್ಟು ನೋಡಿದರೂ ಸಾಲದು. ಆದರೆ ಆವತ್ತು ಕಣ್ಣು ಅಂಟಿಕೊಂಡದ್ದು ಮೆಟ್ಟಿಲುಗಳಿಗೆ: ನೀರು ಮುಟ್ಟುವಲ್ಲಿ ಹಸಿರು, ಅದರ ಮೇಲೆ ಕಂದು, ಅದರ ಮೇಲೆ ಒಣ ಬೂದು. ನನ್ನ ತೋಟದ ಸೇತುವೆಯ ಕಂಬಗಳಿಗೆ ಒಂದೇ ಬಣ್ಣ ಬಳಿದಿದ್ದೆ. ತಪ್ಪು ಅಲ್ಲೇ ಗೊತ್ತಾಯಿತು.

ಚನ್ನಗಿರಿಗೆ ಬರುವಷ್ಟರಲ್ಲಿ ಗಾಳಿಯೇ ಅಡಿಕೆಯಾಗಿತ್ತು. ಖೇಣಿ ಹಿಡಿದವರ ಕಣಗಳಲ್ಲಿ ಸುಲಿದು ಬೇಯಿಸಿದ ಅಡಿಕೆ ಕೆಂಪಗೆ ಒಣಗುತ್ತಿತ್ತು. ದೊಡ್ಡ ಹಂಡೆಗಳಿಂದ ಎದ್ದ ಆವಿ ನನ್ನ ಎಂಜಿನ್ನಿಗೆ ಯಾವತ್ತೂ ಸಿಗದ ಉಗಿ. ನಾನು ಬಂದದ್ದು ಚೊಗರಿಗಾಗಿ. ಅಡಿಕೆ ಬೆಂದ ಮೇಲೆ ಉಳಿಯುವ ಆ ಗಟ್ಟಿ ಕಂದುಗೆಂಪು ರಸಕ್ಕೆ ಸಮನಾದ ಬಣ್ಣ ಯಾವ ಅಂಗಡಿಯಲ್ಲೂ ಇಲ್ಲ. ಮೀಟರ್ ಗೇಜಿನ ಮರದ ಸ್ಲೀಪರ್ ಆರು ಅಡಿ ಉದ್ದ, ಎಂಟು ಇಂಚು ಅಗಲ. ನನ್ನ ಲೆಕ್ಕದಲ್ಲಿ ಎಂಟು ಸೆಂಟಿಮೀಟರ್ ಉದ್ದ, ಒಂಬತ್ತು ಮಿಲಿಮೀಟರ್ ಅಗಲ. ಅಂಥ ಮುನ್ನೂರು ಹಲಸಿನ ತುಂಡುಗಳು ಚೊಗರಿನಲ್ಲಿ ಮುಳುಗಿ ಎದ್ದರೆ ನಲವತ್ತು ವರ್ಷ ಎಣ್ಣೆ ಕುಡಿದ ಸ್ಲೀಪರುಗಳಂತೆ ಕಾಣುತ್ತವೆ. ಕಣದ ಯಜಮಾನರು ಒಂದು ಬಾಟಲಿ ತುಂಬಿಸಿ, ದುಡ್ಡು ಬೇಡವೆಂದು, "ಗೂಡ್ಸ್ ಗಾಡಿ ಮಾಡಿದ್ರೆ ನಮ್ಮ ಅಡಿಕೆ ಚೀಲ ಹಾಕ್ರಿ" ಎಂದರು. ಹಾಕಿದ್ದೇನೆ. ಹೆಬ್ಬೆರಳಿನಷ್ಟು ಗೋಣಿಚೀಲಗಳು, ಒಳಗೆ ಅದೇ ಕಣದ ಅಡಿಕೆ ಪುಡಿ.

ಹೊನ್ನಾಳಿಯಲ್ಲಿ ತುಂಗಭದ್ರೆ ಇನ್ನೂ ಕೆಂಪಗಿದ್ದಳು. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರಿ ಇಳಿದು ಬರುವ ನೀರು. ಹಳೆಯ ಕಲ್ಲು ಸೇತುವೆ ಕಟ್ಟಿದವರು ಕಂಬಗಳ ಮೇಲ್ಹರಿವಿನ ಮುಖವನ್ನು ದೋಣಿಯ ಮೂತಿಯಂತೆ ಚೂಪು ಮಾಡುತ್ತಿದ್ದರು, ಪ್ರವಾಹ ಸೀಳಿಕೊಂಡು ಹೋಗಲೆಂದು. ಬಸಿಗಾಲುವೆಯ ಮೇಲಿನ ನನ್ನ ಮೂರು ಕಂಬಗಳಿಗೂ ಆ ಮೂತಿ ಇದೆ. ದಡದಲ್ಲಿ ಕೂತು ನೆರೆ ಏರಿ ಇಳಿದ ಗುರುತುಗಳನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಅಕ್ಕನ ಮನೆ ಮುಟ್ಟಿದಾಗ ಸಂಜೆ ನಾಲ್ಕು. "ಉಂಡು ಹೋಗೋ ತಮ್ಮಾ" ಎಂದು ಅವಳು ಕೂಗುತ್ತಿದ್ದಂತೆಯೇ ತೋಟಕ್ಕೆ ಇಳಿದೆ. ಹಳಿಯ ಮೇಲೆ ಒಂದು ಹಾಳೆ ಬಿದ್ದಿತ್ತು. ನಮ್ಮ ಲೆಕ್ಕದಲ್ಲಿ ಅದು ಹದಿನೈದು ಮೀಟರಿಗೂ ಮೀರಿದ ಮರ! ಇರುವೆಗಳು ಜಲ್ಲಿಯ ನಡುವೆ ಗೂಡು ಎಬ್ಬಿಸಿದ್ದವು. ಜಲ್ಲಿಯೆಂದರೆ ಕ್ರಷರ್ ಪುಡಿಯನ್ನು ಜರಡಿ ಹಿಡಿದು ಆಯ್ದ, ರಾಗಿ ಕಾಳಿಗಿಂತ ತುಸು ದಪ್ಪದ ಚೂರುಗಳು. ಹಿತ್ತಾಳೆಯ ಹಳಿ ಬಿಸಿಲಿಗೆ ಬೆಳೆಯುತ್ತದೆ. ಹತ್ತು ಮೀಟರ್ ಹಳಿ ನಲವತ್ತು ಡಿಗ್ರಿ ಕಾವೇರಿದರೆ ಏಳು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಮೊದಲ ಬೇಸಿಗೆಯಲ್ಲಿ ಸಂದು ಬಿಡದೆ ಬಿಗಿದು, ಹಳಿ ಹಾವಿನಂತೆ ಬಾಗಿದ್ದನ್ನು ಕಂಡಿದ್ದೆ. ಈಗ ಅಲ್ಲಲ್ಲಿ ಸಂದು ಬಿಟ್ಟಿದ್ದೇನೆ. ಅದಲ್ಲದೆ ಪ್ರತಿ 53 ಸೆಂಟಿಮೀಟರಿಗೆ, ಅಂದರೆ 12 ಮೀಟರಿನ ಹಳಿತುಂಡು ಮುಗಿಯುವಲ್ಲಿ, ಅರದಿಂದ ಒಂದು ಗೀರು ಹಾಕಿದ್ದೇನೆ.

ಟೆಂಡರಿನೊಳಗಿನ ಬ್ಯಾಟರಿ ಜೋಡಿಸಿ, ಹಿಂದೆ ಮೂರು ಬೋಗಿ ಕೊಂಡಿ ಹಾಕಿ, ರಿಮೋಟಿನ ಗುಂಡಿ ತಿರುಗಿಸಿದೆ. ಗಾಡಿ ಹೊರಟಿತು. ಗಂಟೆಗೆ ನಲವತ್ತೈದು ಕಿಲೋಮೀಟರ್ ಓಡುವ ಗಾಡಿ ಇಲ್ಲಿ ಎರಡು ಕಿಲೋಮೀಟರ್ ಓಡಬೇಕು, ಸೆಕೆಂಡಿಗೆ 55 ಸೆಂಟಿಮೀಟರಿನಂತೆ. ಮರಗಳ ಮರೆಗೆ ಹೋದಾಗ ಕಾಣಿಸಲಿಲ್ಲ, ಕೇಳಿಸಿತು. ಟಕ್ಕಟಕ್, ಟಕ್ಕಟಕ್. ಸೆಕೆಂಡಿಗೊಂದು ಸಲ. ಮೈ ಜುಮ್ಮೆಂದಿತು. ದೂರ ಇಪ್ಪತ್ತೆರಡೂವರೆ ಪಾಲು ಕುಗ್ಗಿತ್ತು, ವೇಗವೂ ಅಷ್ಟೇ ಕುಗ್ಗಿತ್ತು, ತಾಳ ಮಾತ್ರ ಕುಗ್ಗಿರಲಿಲ್ಲ! ಬೀರೂರು ಶಿವಮೊಗ್ಗದ ಗಾಡಿಯಲ್ಲಿ ಕಿಟಕಿ ಸರಳಿಗೆ ಕೆನ್ನೆಯೊತ್ತಿ ಕೇಳಿದ್ದ ಅದೇ ಕಾಲ, ಅದೇ ಲಯ.

ಅಕ್ಕನ ಅತ್ತೆ ಕೋಲೂರಿಕೊಂಡು ಬಂದು ಕಾಯಿ ಸುಲಿಯುವ ಮಣೆಯ ಮೇಲೆ ಕೂತರು. ಅವರ ಕಣ್ಣಿಗೆ ಪೊರೆ ಬಂದಿದೆ. "ಇದು ಸಣ್ಣ ಗೇಜಿನ ಗಾಡಿ ಸದ್ದಲ್ಲೇನೋ? ಬೀರೂರಾಗೆ ಇಳಿದು ಇದನ್ನ ಹತ್ತತಿದ್ವಿ. ಕಣ್ಣಿಗೆ ಕಿಡಿ ಬೀಳತ್ತೆ ಅಂತ ನಮ್ಮಪ್ಪ ಕಿಟಕಿ ಹತ್ರ ಕೂರಕ್ಕೆ ಬಿಡ್ತಿರಲಿಲ್ಲ" ಎಂದರು.

ಅಕ್ಕನ ಮಗಳು ಹಳಿಯ ಪಕ್ಕ ನೆಟ್ಟ ಹಳದಿ ಫಲಕಗಳನ್ನು ಅಜ್ಜಿಗೆ ಓದಿ ಹೇಳತೊಡಗಿದಳು. ಜಗಳೂರು. ಚನ್ನಗಿರಿ. ಹೊನ್ನಾಳಿ. ನ್ಯಾಮತಿ. ಹೊನ್ನಾಳಿ ಎಂದೊಡನೆ ಅಜ್ಜಿ ಕೋಲು ಎತ್ತಿದರು. ಅದು ಅವರ ತವರು.

"ಹೊನ್ನಾಳಿಯಾಗೆ ಎಷ್ಟೊತ್ತು ನಿಲ್ಲತ್ತೋ ಇದು?"

"ಎಷ್ಟೊತ್ತು ನಿಲ್ಲಿಸ್ಲಿ, ಹೇಳಿ ಅಮ್ಮಾ."

ಅವರು ಸ್ವಲ್ಪ ಯೋಚಿಸಿದರು. "ನಾನು ಇಳಿಯೋವಷ್ಟು ಹೊತ್ತು."

ಗಾಡಿ ಸೇತುವೆ ದಾಟಿ ಬಂತು. ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದೆ. ಹಳದಿ ಫಲಕದ ಎದುರಿಗೆ ಸರಿಯಾಗಿ ಅದು ನಿಂತಿತು. ತೋಟದಲ್ಲಿ ಕತ್ತಲು ಇಳಿಯುತ್ತಿತ್ತು. ಎಂಜಿನ್ನಿನ ದೀಪ ಹತ್ತಿಯೇ ಇತ್ತು. ನಾನು ಕಾದೆ.