ಗೋಡೆಯ ಮೇಲಿನ ಗೀಟುಗಳು

ಅರಕೆರೆಯಿಂದ ಬನ್ನೂರಿನ ಕಡೆಗೆ ಹೋಗುವಾಗ ಒಂದು ಕಡೆ ರಸ್ತೆ ಬಿಟ್ಟು, ನಾಲೆಯ ಏರಿ ಹಿಡಿದು ಸೈಕಲ್ ತಳ್ಳಿಕೊಂಡು ಹೋದರೆ ಆ ತೋಟದ ಮನೆ ಸಿಗುತ್ತಿತ್ತು. 1999ರಲ್ಲಿ ಮೊದಲ ಸಲ ಅಲ್ಲಿಗೆ ಹೋದಾಗ ನನ್ನ ಚೀಲದಲ್ಲಿದ್ದದ್ದು ಮೂರೇ ಸಾಮಾನು: ಮಲ್ಟಿಮೀಟರ್, ಹೈಡ್ರೋಮೀಟರ್, ಒಂದು ಕ್ಯಾನು ಬ್ಯಾಟರಿ ನೀರು. ಸೋಲಾರ್ ದೀಪ ಹಾಕುವುದು, ಹಾಕಿದ್ದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕು ಸುತ್ತುತ್ತಿದ್ದೆ.

ಕಾವೇರಿ ಸೀಮೆಗೆ ಸೋಲಾರ್ ಯಾಕೆ ಎಂದು ಪೇಟೆಯವರು ಕೇಳುತ್ತಿದ್ದರು. ಕೇಳಬೇಕಾದ ಮಾತೇ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಆದರೆ ನಮ್ಮಲ್ಲಿ ಕಂಬಗಳು ಊರಿನ ಅಂಚಿಗೇ ನಿಂತಿದ್ದವು. ಗದ್ದೆ ಬಯಲಿನ ಒಂಟಿ ಮನೆಗಳಿಗೆ ಪಂಪ್‌ಸೆಟ್ಟಿನ ಲೈನೇ ಗತಿ. ಅದರಲ್ಲಿ ಕರೆಂಟು ಬರುತ್ತಿದ್ದದ್ದು ಮೋಟರಿನ ಸರದಿಗೆ, ಮಕ್ಕಳು ಪುಸ್ತಕ ಹಿಡಿಯುವ ಹೊತ್ತಿಗಲ್ಲ. ಬೆಂಗಳೂರಿನಲ್ಲಿ ಹರೀಶ್ ಹಂದೆಯವರ ಸೆಲ್ಕೋ 1995ರಲ್ಲಿ ಶುರುವಾಗಿತ್ತು. ಬ್ಯಾಂಕ್ ಸಾಲದ ಮೇಲೆ ಸೋಲಾರ್ ದೀಪ ಹಾಕಿಸಿಕೊಳ್ಳಬಹುದು ಎಂಬ ಮಾತು ಹಳ್ಳಿಗಳಿಗೆ ಹಬ್ಬಿದ್ದು ಆ ವರ್ಷಗಳಲ್ಲೇ.

ಆ ಮನೆಯಲ್ಲಿದ್ದದ್ದು 37 ವಾಟಿನ ಪ್ಯಾನೆಲ್, 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿ, 9 ವಾಟಿನ ನಾಲ್ಕು ಸಿಎಫ್‌ಎಲ್ ದೀಪ. ಗೋಡೆಗೆ ಹೊಡೆದ ಕಂಟ್ರೋಲರ್ ಡಬ್ಬಿಯಲ್ಲಿ ಎರಡು ಪುಟ್ಟ ಬೆಳಕು. ಹಸಿರು ಉರಿದರೆ ಚಾರ್ಜ್ ಆಗುತ್ತಿದೆ, ಕೆಂಪು ಉರಿದರೆ ಬ್ಯಾಟರಿ ತಳ ಕಂಡಿದೆ. ಅಷ್ಟೇ. ನಡುವೆ ಎಷ್ಟಿದೆ ಎಂದು ಹೇಳುವ ಸಾಧನ ಮನೆಯಲ್ಲಿ ಯಾವುದೂ ಇರಲಿಲ್ಲ. ಕಣಜದ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಗೊತ್ತು, ಒಳಗೆ ಎಷ್ಟು ಕೊಳಗ ರಾಗಿ ಉಳಿದಿದೆಯೋ ಗೊತ್ತಿಲ್ಲ.

ಅದನ್ನು ನೋಡುವ ಕೆಲಸ ನಮ್ಮದಾಗಿತ್ತು. ಬ್ಯಾಟರಿಯ ಆರೂ ಮುಚ್ಚಳ ತಿರುಗಿಸಿ, ಹೈಡ್ರೋಮೀಟರಿಗೆ ಆಸಿಡ್ ಎಳೆದು, ತೇಲುವ ಗಾಜಿನ ಕಡ್ಡಿ ಯಾವ ಗೆರೆಗೆ ನಿಂತಿದೆ ಎಂದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು. 1240ರ ಆಸುಪಾಸು ಇದ್ದರೆ ತುಂಬಿದೆ. 1180ರ ಹತ್ತಿರವಾದರೆ ಅರ್ಧ ಮುಗಿದಿದೆ. ಐದು ಸೆಲ್ ಸರಿಯಿದ್ದು ಒಂದು ಮಾತ್ರ ಕೆಳಗಿದ್ದರೆ ರೋಗ ಅಲ್ಲೇ. ಆಸಿಡ್ ಹನಿ ಬಿದ್ದ ಕಡೆ ಬಟ್ಟೆ ಮಾರನೇ ಒಗೆತಕ್ಕೆ ತೂತಾಗುತ್ತಿತ್ತು. ಆದರೂ ನಾನು ಆ ಗಾಜಿನ ಕಡ್ಡಿಯನ್ನು ನಂಬಿದಷ್ಟು ಇನ್ನಾವುದನ್ನೂ ನಂಬಲಿಲ್ಲ. ವೋಲ್ಟೇಜ್ ಮೋಸ ಮಾಡುತ್ತದೆ. ಮಟಮಟ ಮಧ್ಯಾಹ್ನ ಪ್ಯಾನೆಲಿನಿಂದ ಕರೆಂಟು ಇಳಿಯುತ್ತಿರುವಾಗ ಮೀಟರ್ ಹಿಡಿದರೆ 13.8 ತೋರಿಸುತ್ತದೆ, ಬ್ಯಾಟರಿ ಮಾತ್ರ ಅರ್ಧವೂ ತುಂಬಿರುವುದಿಲ್ಲ. ಪ್ಯಾನೆಲ್ ತಂತಿ ಬಿಚ್ಚಿ, ದೀಪ ಆರಿಸಿ, ಗಂಟೆಗಟ್ಟಲೆ ಸುಮ್ಮನೆ ಬಿಟ್ಟು ನೋಡಿದರೆ ನಿಜ ತಿಳಿಯುತ್ತದೆ: 12.7 ತುಂಬಿದ್ದು, 12.2 ಅರ್ಧ. ನಾಗಮಂಗಲದ ಕಡೆಯ ಒಂದು ಮನೆಯಲ್ಲಿ ಮಧ್ಯಾಹ್ನದ ಅಂಕಿ ನೋಡಿ 'ಬ್ಯಾಟರಿ ಚೆನ್ನಾಗಿದೆ' ಎಂದು ಹೇಳಿ ಬಂದಿದ್ದೆ. ಅದೇ ರಾತ್ರಿ, ಬಾಣಂತಿ ಇದ್ದ ಮನೆ, ದೀಪ ಆರಿಹೋಯಿತು. ಆ ಮೇಲೆ ಅವಸರದಲ್ಲಿ ಯಾವ ಬ್ಯಾಟರಿಗೂ ನಾನು ಮಾತು ಕೊಟ್ಟಿಲ್ಲ.

ಜನ ಕಂಟ್ರೋಲರನ್ನು ಶತ್ರುವಿನಂತೆ ಕಂಡರು. ಕ್ರಿಕೆಟ್ ಮ್ಯಾಚಿನ ನಡುವೆ ಕೆಂಪು ಉರಿದು ಟಿ.ವಿ. ನಿಂತರೆ ಹುಡುಗರು ತಂತಿ ಕಿತ್ತು ಬ್ಯಾಟರಿಗೇ 'ಡೈರೆಕ್ಟ್' ಕೊಡುತ್ತಿದ್ದರು. ಸೀಸದ ಬ್ಯಾಟರಿಯನ್ನು ತಳ ಕೆರೆಯುವವರೆಗೆ ಬಳಸಿ ಹಾಗೇ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಬಿಳಿ ಸಲ್ಫೇಟು ಗಟ್ಟಿಯಾಗುತ್ತದೆ. ಮತ್ತೆ ಎಷ್ಟು ಬಿಸಿಲು ಬಿದ್ದರೂ ಹಿಡಿಯುವುದಿಲ್ಲ. ಲೆಕ್ಕ ಸುಲಭವಾಗಿತ್ತು. ಬ್ಯಾಟರಿಯಲ್ಲಿರುವುದು 480 ವಾಟ್-ಅವರ್, ದಿನಾ ಧೈರ್ಯವಾಗಿ ತೆಗೆಯಬಹುದಾದದ್ದು ಅದರಲ್ಲಿ ಅರ್ಧ. ನಾಲ್ಕು ದೀಪ ನಾಲ್ಕು ಗಂಟೆ ಉರಿದರೆ 144. ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ತರುವುದೂ ಹೆಚ್ಚುಕಡಿಮೆ ಅಷ್ಟೇ. 20 ವಾಟಿನ ಕಪ್ಪು-ಬಿಳುಪು ಟಿ.ವಿ. ಮೂರು ಗಂಟೆ ಹಾಕಿದರೆ ಇನ್ನೂ 60. ಅಲ್ಲಿಗೆ ದಿನವೂ ಸಾಲ. ಇದನ್ನು ಎಷ್ಟು ಜಗಲಿಗಳ ಮೇಲೆ ಕೂತು ಹೇಳಿದ್ದೇನೋ!

ಆ ತೋಟದ ಮನೆಯ ಅವ್ವನಿಗೆ ಹೇಳಬೇಕಾಗಲಿಲ್ಲ. ಕಂಟ್ರೋಲರ್ ಪಕ್ಕದ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಿದ್ದವು. ಇನ್ನೊಂದು ಗೋಡೆಯಲ್ಲಿ ಹಾಲಿನ ಲೆಕ್ಕವೂ ಹಾಗೇ ಇತ್ತು.

"ಕೆಂಪು ಉರುದ್ ದಿನ ಒಂದ್ ಗೀಟು ಎಳ್ದಿವ್ನಿ ಕಣಪ್ಪ" ಎಂದರು. "ಅಬ್ಬದ ದಿನದ್ದು ಉದ್ದುಕ್ ಎಳ್ದಿವ್ನಿ."

ಆಷಾಢದ ಸೋನೆ ಮಳೆಯ ದಿನಗಳಲ್ಲಿ ಗೀಟು ಒತ್ತಾಗಿದ್ದವು, ಅದು ಸಹಜ. ಆದರೆ ಮಾಘದಲ್ಲೂ ಒಂದು ಗುಂಪು ಇತ್ತು, ಬಿರುಬಿಸಿಲಿನ ಹದಿನೈದು ದಿನ. ಬ್ಯಾಟರಿಯೇ ಕೆಟ್ಟಿದೆ ಎಂದುಕೊಂಡು ಅದನ್ನು ಹೊತ್ತೊಯ್ಯಲು ಸಿದ್ಧನಾಗಿದ್ದೆ. ಅವ್ವ ತಡೆದರು. ಆ ಗೀಟುಗಳ ಮುಂಚೆ, ಆಮೇಲೆ ಗೋಡೆ ಖಾಲಿಯಿತ್ತು. ಕೆಟ್ಟದ್ದು ತಾನಾಗಿ ಸರಿಹೋಗುವುದುಂಟೆ ಎಂದು ಕೇಳಿದರು. ಆ ಹದಿನೈದು ದಿನ ಏನು ನಡೆಯುತ್ತಿತ್ತು ಎಂದು ನಾನು ಕೇಳಿದೆ. ಪಕ್ಕದ ಆಲೆಮನೆಯಲ್ಲಿ ಗಾಣ ಆಡುತ್ತಿತ್ತು. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿದು, ಗಾಳಿ ಈ ಕಡೆ ತಿರುಗಿದಾಗ ಮಸಿ ಬಂದು ಪ್ಯಾನೆಲಿನ ಮೇಲೆ ಕೂತಿತ್ತು. ಆಮೇಲೆ ಒಂದು ಹದ ಮಳೆ ಅದನ್ನು ತೊಳೆದಿತ್ತು. ಏಣಿ ಹತ್ತಿ ನೋಡಿದೆ. ಪ್ಯಾನೆಲಿನ ಚೌಕಟ್ಟಿನ ಮೂಲೆಗಳಲ್ಲಿ ಆ ಕಪ್ಪು ಇನ್ನೂ ಅಂಟಿಕೊಂಡಿತ್ತು. ನನ್ನ ಮೂರು ಸಾಮಾನಿನಲ್ಲಿ ಯಾವುದೂ ಇದನ್ನು ಹೇಳುತ್ತಿರಲಿಲ್ಲ. ಅವು ನಾನು ಹೋದ ಆ ಒಂದು ಗಳಿಗೆಯನ್ನು ಮಾತ್ರ ಅಳೆಯುತ್ತಿದ್ದವು. ಅವ್ವನ ಗೋಡೆ ಇಡೀ ವರ್ಷವನ್ನು ಅಳೆದಿತ್ತು. ಅಂದಿನಿಂದ ನಾನು ಹೋದ ಮನೆಗಳಲ್ಲೆಲ್ಲ ಕಂಟ್ರೋಲರ್ ಪಕ್ಕ ಒಂದು ಕ್ಯಾಲೆಂಡರ್ ನೇತುಹಾಕಿಸಿ, ಕೆಂಪು ಉರಿದ ದಿನಕ್ಕೆ ಗುರುತು ಹಾಕಿ ಎನ್ನುತ್ತಿದ್ದೆ. ಹೆಂಗಸರು ಹಾಕಿದರು. ಗಂಡಸರು ಅಪರೂಪ.

ಆಮೇಲೆ ಎಲ್ಇಡಿ ಬಂತು. 9 ವಾಟಿನ ಜಾಗದಲ್ಲಿ 3 ವಾಟು. 144ರ ಖರ್ಚು 48ಕ್ಕೆ ಇಳಿಯಿತು. ಬ್ಯಾಟರಿಗಳ ಆಯುಸ್ಸು ಹೆಚ್ಚಿಸಿದ್ದು ನಮ್ಮ ಬುದ್ಧಿವಾದಕ್ಕಿಂತ ಹೆಚ್ಚಾಗಿ ಆ ದೀಪವೇ. ಅಂಕಿ ತೋರಿಸುವ ಕಂಟ್ರೋಲರ್ ಬಂತು, ಈಗ ಲಿಥಿಯಂ ಬ್ಯಾಟರಿ. ಇದರಲ್ಲಿ ನೀರು ಹಾಕುವಂತಿಲ್ಲ, ಆಸಿಡ್ ಎಳೆಯುವಂತಿಲ್ಲ. ವೋಲ್ಟೇಜಂತೂ ಬಾಯೇ ಬಿಡುವುದಿಲ್ಲ: ಮುಕ್ಕಾಲು ಇದ್ದರೂ ಅರ್ಧಕ್ಕಿಂತ ಕಡಿಮೆ ಇದ್ದರೂ 13.2ರ ಅಕ್ಕಪಕ್ಕವೇ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ತಂತಿಯಲ್ಲಿ 'ಷಂಟ್' ಎಂಬ ಪಟ್ಟಿ ಕೂರಿಸಿ ಒಳಗೆ ಬಂದ ಆಂಪಿಯರ್, ಹೊರಗೆ ಹೋದ ಆಂಪಿಯರ್ ಎರಡನ್ನೂ ಎಣಿಸುತ್ತಾರೆ. ಜಮಾ-ಖರ್ಚಿನ ಪುಸ್ತಕವೇ ಅದು. ಅದರಲ್ಲೂ ಚೂರುಚೂರು ತಪ್ಪು ಸೇರುತ್ತಾ ಹೋಗುತ್ತದೆ. ಆಗಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸದಿದ್ದರೆ ಅದು ತೋರಿಸುವ ಶೇಕಡಾ ಲೆಕ್ಕ ದಾರಿ ತಪ್ಪುತ್ತದೆ. ಗಾಜಿನ ಕಡ್ಡಿಗೆ ಈ ಕಷ್ಟ ಇರಲಿಲ್ಲ.

ಆ ತೋಟದ ಮನೆಯಲ್ಲೂ ಈಗ ಲಿಥಿಯಂ. ಅವ್ವ ಇಲ್ಲ. ಗೋಡೆಗೆ ಬಣ್ಣ ಬಂದಿದೆ. ಈಚೆಗೆ ಅವರ ಮೊಮ್ಮಗನ ಹೆಂಡತಿ ಫೋನ್ ಮಾಡಿ, "ಅಣ್ಣ, ನಾಲ್ಕ್ ದಿನದಿಂದ ಸಂಜೆ ಹೊತ್ಗೆ ನೂರಾಗ್ತಾ ಇಲ್ಲ, ಎಪ್ಪತ್ತಕ್ಕೇ ನಿಂತೈತೆ" ಎಂದಳು. ಚಾರ್ಜು ಏರಿಳಿದದ್ದನ್ನು ತೋರಿಸುವ ಗೆರೆಗಳ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಕಳಿಸಿದ್ದಳು. ಪಕ್ಕದ ಆಲೆಮನೆಯಲ್ಲಿ ಗಾಣ ಆಡುತ್ತಿದೆಯೇನಮ್ಮ ಎಂದು ಕೇಳಿದೆ. ಆ ಕಡೆ ಫೋನ್ ಕೆಳಗಿಟ್ಟ ಸದ್ದು, ಅಂಗಳದಲ್ಲಿ ಏಣಿ ಎಳೆದ ಸದ್ದು, ಒದ್ದೆ ಬಟ್ಟೆ ತರಲು ಯಾರನ್ನೋ ಕೂಗಿದ್ದು ಕೇಳಿಸಿತು.