ಬೆಳಕಿಂಡಿಯ ಕೌದಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿಯಿಲ್ಲದ ಮನೆಯನ್ನು ಕಾಣುವುದು ಕಷ್ಟ. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವೆಲ್ಲ ಗಂಟಿನಲ್ಲಿ ಸೇರಿ ಅಟ್ಟವನ್ನೇರುತ್ತವೆ. ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ಗಂಟು ಕೆಳಗಿಳಿಯುತ್ತದೆ. ನೆಲದ ಮೇಲೆ ಹಳೆಯ ಸೀರೆಯೊಂದನ್ನು ಹಾಸಿ, ಅದರ ಮೇಲೆ ತುಂಡುಗಳನ್ನು ಕಣ್ಣಳತೆಯಿಂದಲೇ ಹೊಂದಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಗೆ ಹಾಕಿದರೆ ಕೌದಿಯಾಯಿತು. ಅದಕ್ಕೆ ಅಳತೆಗೋಲೂ ಇಲ್ಲ, ನಕ್ಷೆಯೂ ಇಲ್ಲ. ಹಾಗೆಂದು ನಿಯಮವೇ ಇಲ್ಲವೆಂದು ತಿಳಿಯಬಾರದು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ‘ಫೂಲ’ಗಳನ್ನು, ಅಂದರೆ ಹೂಗಳನ್ನು, ಇಡಲೇಬೇಕು, ಅವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬೆತ್ತಲೆ.

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಅಲ್ಲಿಯೇ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಹೆಣ್ಣುಮಗಳೊಬ್ಬಳು ಇಂಥ ಕೌದಿಗಳನ್ನು ಹೊದ್ದು ಬೆಳೆದವಳು. ತಾನೂ ಒಂದನ್ನು ಹೊಲಿಯಬೇಕೆಂದು ಆಕೆಗೆ ಅನ್ನಿಸಿದ್ದು ಅರವತ್ತು ದಾಟಿದ ಮೇಲೆ, ಅದೂ ಒಂದು ಸಂಕಟದ ಗಳಿಗೆಯಲ್ಲಿ. ತಾಯಿ ತೀರಿಕೊಂಡ ಮರುವರ್ಷ, ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಲು ಅಣ್ಣತಮ್ಮಂದಿರು ನಿಶ್ಚಯಿಸಿದರು. ಅವರದೇನೂ ತಪ್ಪಲ್ಲ, ಮಳೆಗಾಲದಲ್ಲಿ ಆ ಮಾಳಿಗೆ ಸೋರುತ್ತಿತ್ತು. ತೇಗದ ಕಂಬ, ಕೆತ್ತನೆಯ ಬಾಗಿಲು, ತಾಮ್ರದ ಹಂಡೆ ಯಾರಿಗೆ ಯಾವುದೆಂಬುದು ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. ಆಕೆಗೆ ಬೇಕಾಗಿದ್ದುದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆಕೆಗೆ ಬೇಕಾಗಿದ್ದುದು ನಡುಮನೆಯ ಬೆಳಕಿಂಡಿ. ಕಂಬವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು. ಬೆಳಕಿಂಡಿಯೆಂಬುದು ಮಾಳಿಗೆಯಲ್ಲಿ ಏನೂ ಇಲ್ಲದ ಒಂದು ಮೊಳದ ಜಾಗ. ಅದನ್ನು ಕಿತ್ತುಕೊಂಡು ಹೋಗುವ ಬಗೆ ಹೇಗೆ?

ಆ ಮನೆಗೆ ಅದೇ ಗಡಿಯಾರವಾಗಿತ್ತು. ಪಡುವಣ ಗೋಡೆಯ ಗೂಟದ ಕೆಳಗೆ ಬಿಸಿಲಿನ ಗೀರು ಕಾಣಿಸಿದರೆ ಮಕ್ಕಳನ್ನು ಸಾಲೆಗೆ ಅಟ್ಟುವ ಹೊತ್ತು. ಬಿಸಿಲು ನಡುಮನೆಯ ಮಧ್ಯಕ್ಕೆ ಬಂದರೆ ಹೊಲಕ್ಕೆ ಬುತ್ತಿ ಒಯ್ಯುವ ಹೊತ್ತು. ಮೂಡಣ ಗೋಡೆಯ ಬಳಿಯ ಬೀಸುವ ಕಲ್ಲನ್ನು ಮುಟ್ಟಿದರೆ ಮರುದಿನದ ಜೋಳಕ್ಕೆ ಕೂಡುವ ಹೊತ್ತು. ಚಳಿಗಾಲದಲ್ಲಿ ಆ ಬಿಸಿಲು ಬಡಗಣಕ್ಕೆ ಸರಿದು ದೇವರ ಕೋಣೆಯ ಹೊಸ್ತಿಲವರೆಗೆ ಹೋಗುತ್ತಿತ್ತು. ಡಿಸೆಂಬರಿನ ಕೊನೆಯಲ್ಲಿ ಅದು ಬೇಸಗೆಯ ಜಾಗದಿಂದ ಸುಮಾರು ೮ ಅಡಿ ದೂರ. ತಾಯಿಗೆ ಅಕ್ಷರ ಬಾರದು. ಆದರೆ ಈ ಲೆಕ್ಕ ತಪ್ಪಿದ ದಿನವೇ ಇಲ್ಲ.

ಶಾಲೆಯ ಪುಸ್ತಕಭಂಡಾರದಲ್ಲಿದ್ದ ಹೊಲಿಗೆಯ ಗ್ರಂಥವೊಂದರಲ್ಲಿ ಆಕೆ ಹಿಂದೊಮ್ಮೆ ಇಂಗ್ಲೆಂಡಿನ ಕೌದಿಗಳ ವಿಷಯ ಓದಿದ್ದಳು. ಅಲ್ಲಿಯ ಪದ್ಧತಿ ಬೇರೆ. ಬೇಕಾದ ಆಕಾರವನ್ನು ಮೊದಲು ದಪ್ಪ ಕಾಗದದಲ್ಲಿ ನಿಖರವಾಗಿ ಕತ್ತರಿಸುತ್ತಾರೆ. ಬಟ್ಟೆಯನ್ನು ಅದಕ್ಕಿಂತ ಸುತ್ತಲೂ ಕಾಲು ಅಂಗುಲ ಹೆಚ್ಚಾಗಿ ಕತ್ತರಿಸಿ, ಕಾಗದದ ಮೇಲೆ ಮಡಿಸಿ, ಕಚ್ಚಾ ಹೊಲಿಗೆಯಿಂದ ಹಿಡಿಸುತ್ತಾರೆ. ಹೀಗೆ ಸಿದ್ಧವಾದ ಎರಡು ತುಂಡುಗಳ ಅಂಚಿಗೆ ಅಂಚು ಕೂಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಗೆರೆ ಕೂದಲೆಳೆಯಷ್ಟೂ ಓರೆಯಾಗದು. ಸುತ್ತಲಿನ ತುಂಡುಗಳೆಲ್ಲ ಕೂಡಿದ ಮೇಲೆ ಕಚ್ಚಾ ಹೊಲಿಗೆಯನ್ನು ಬಿಚ್ಚಿ ಕಾಗದವನ್ನು ಎಳೆದು ತೆಗೆಯುತ್ತಾರೆ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಹಳೆಯ ಪತ್ರಗಳು, ಲೆಕ್ಕದ ಹಾಳೆಗಳು, ಮಕ್ಕಳ ಕಾಪಿ ಪುಸ್ತಕಗಳು ಇದಕ್ಕೆ ಬಳಕೆಯಾಗುತ್ತಿದ್ದವು. ೧೭೧೮ ಎಂಬ ಇಸವಿಯನ್ನು ಬಟ್ಟೆಯ ತುಂಡುಗಳಿಂದಲೇ ಮೂಡಿಸಿದ ರೇಷ್ಮೆಯ ಹೊದಿಕೆಯೊಂದು ಆ ದೇಶದಲ್ಲಿ ಇಂದಿಗೂ ಇದೆ. ಪ್ರಾಣಿ, ಪಕ್ಷಿ, ಹೂಗಳ ಆಕೃತಿಗಳು ತುಂಬಿದ ಅದರ ಬೆನ್ನಿನಲ್ಲಿ ಕಾಗದಗಳು ಹಾಗೆಯೇ ಉಳಿದುಕೊಂಡಿವೆ. ಕಾಗದ ತೆಗೆಯದೆ ಬಿಟ್ಟ ಹೊದಿಕೆಗಳನ್ನು ಪರೀಕ್ಷಿಸುವವರು ಆ ಚೂರುಗಳ ಮೇಲಿನ ಬರಹವನ್ನೋದಿ ಹೊಲಿದ ಕಾಲವನ್ನು ಊಹಿಸುವುದುಂಟು.

ಬಿಸಿಲಿನ ತುಂಡುಗಳನ್ನು ಹಿಡಿಯಲು ನೇರ ಗೆರೆಯ ಈ ಪದ್ಧತಿಯೇ ತಕ್ಕುದೆಂದು ಆಕೆ ಬಗೆದಳು. ಧಾರವಾಡದ ಮನೆಯಲ್ಲಿ ಕುಳಿತು ನೆನಪಿನಿಂದ ನಕ್ಷೆ ಬರೆದಳು. ಮುಂಜಾವಿನ ಬಿಸಿಲಿಗೆ ಒಂದು ಓರೆ, ಇಳಿಹೊತ್ತಿನದಕ್ಕೆ ಮತ್ತೊಂದು ಓರೆ, ನಡುವೆ ವಜ್ರಾಕೃತಿಗಳು. ನಕ್ಷೆ ನೋಡಲು ಸುಂದರವಾಗಿಯೇ ಇತ್ತು. ಆದರೆ ಅದು ಗಾಳಿಪಟಗಳ ಅಂಗಡಿಯಂತೆ ತೋರಿತೇ ಹೊರತು ಆ ಮನೆಯಂತೆ ತೋರಲಿಲ್ಲ. ಎಲ್ಲಿ ತಪ್ಪಿತೆಂದು ನಾಲ್ಕು ದಿನ ಯೋಚಿಸಿಯೂ ತಿಳಿಯದೆ, ಆಕೆ ಸೀಮೆಸುಣ್ಣದ ಪೆಟ್ಟಿಗೆಯೊಂದನ್ನು ಚೀಲದಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತಿದಳು. ಬಸವ ಜಯಂತಿ ಕಳೆದ ಮೇಲೆ ಮನೆ ಕೆಡಹುವುದೆಂದು ಗೊತ್ತಾಗಿತ್ತು. ಅದು ಮೇ ತಿಂಗಳ ಮೊದಲ ವಾರ.

ಬರಿದಾದ ನಡುಮನೆಯಲ್ಲಿ ಆಕೆ ಒಂದು ದಿನವೆಲ್ಲ ಕುಳಿತಳು. ಅರ್ಧ ಗಂಟೆಗೊಮ್ಮೆ ಬಿಸಿಲಿನ ಸುತ್ತ ಗೆರೆ ಎಳೆದಳು. ಒಂಬತ್ತೂವರೆಯ ಸುಮಾರಿಗೆ ಪಡುವಣ ಗೋಡೆಯ ಮೇಲೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ದಾರದಂಥ ಗೀರೊಂದು ಮೂಡಿತು. ಅದು ಓರೆಯಾಗಿಯೇ ಇತ್ತು. ಹತ್ತೂಕಾಲರ ಹೊತ್ತಿಗೆ ಬಿಸಿಲು ಗೋಡೆಯನ್ನಿಳಿದು ನೆಲಕ್ಕೆ ಬಂತು. ಬಂದೊಡನೆ ಓರೆ ಮಾಯವಾಯಿತು! ನೆಲದ ಮೇಲೆ ಬಿದ್ದುದು ನೇರವಾದ ಆಯತ. ಆಮೇಲೆ ಅದು ಮೆಲ್ಲಮೆಲ್ಲಗೆ ಅಗಲವಾಗುತ್ತ, ಉದ್ದ ಬಹುಮಟ್ಟಿಗೆ ಹಾಗೆಯೇ ಉಳಿದು, ನಡುಹಗಲಿಗೆ ತುಂಬಿದ ಚೌಕವಾಗಿ ಬೆಳಕಿಂಡಿಯ ನೇರ ಕೆಳಗೆ ನಿಂತಿತು. ಆಗ ಗಡಿಯಾರದಲ್ಲಿ ಹನ್ನೆರಡೂವರೆಗೆ ಹತ್ತಿರ. ನಮ್ಮ ದೇಶದ ಗಡಿಯಾರಗಳೆಲ್ಲ ೮೨½ ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುವುದರಿಂದ ಅದಕ್ಕೆ ಪಶ್ಚಿಮದಲ್ಲಿರುವ ರೋಣದ ಸೀಮೆಯಲ್ಲಿ ಸೂರ್ಯ ಅರ್ಧ ಗಂಟೆಯಷ್ಟು ತಡವಾಗಿ ನೆತ್ತಿಗೆ ಬರುತ್ತಾನೆ.

ಕಾರಣ ಸರಳವಾದುದು. ಬೆಳಕಿಂಡಿಯೂ ನೆಲವೂ ಒಂದಕ್ಕೊಂದು ಸಮಾಂತರ; ಸೂರ್ಯಕಿರಣಗಳೂ ಸಮಾಂತರ. ಆದುದರಿಂದ ನೆಲದ ಮೇಲೆ ಆಕೃತಿ ಜಾರುತ್ತದೆಯೇ ಹೊರತು ಓರೆಯಾಗದು. ಮಾಳಿಗೆಯ ಮಣ್ಣು ಒಂದೂವರೆ ಅಡಿ ದಪ್ಪವಾಗಿದ್ದು, ವಾಲಿ ಬರುವ ಬಿಸಿಲಿನ ಒಂದು ಪಾಲನ್ನು ಅದೇ ತಡೆಯುವುದರಿಂದ ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲು ಕಿರಿದು. ಓರೆ ಏನಿದ್ದರೂ ಗೋಡೆಯ ಮೇಲೆ ಮಾತ್ರ. ಮಕ್ಕಳಿಗೆ ಎಷ್ಟೋ ವರ್ಷ ಆಯತ, ಚೌಕಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವಳಿಗೆ ಹುಟ್ಟಿದ ಮನೆಯ ನೆಲದ ಮೇಲಿನ ಆಯತ ತಿಳಿದಿರಲಿಲ್ಲ. ಆಕೆ ನೆನಪಿನಲ್ಲಿ ಇಟ್ಟುಕೊಂಡಿದ್ದುದು ಗೋಡೆಯ ಬಿಸಿಲನ್ನು; ಸಾಲೆಗೆ ಹೋಗುವ ಹುಡುಗಿ ಕಂಡುದು ಅದೊಂದನ್ನೇ. ನೆಲದ ಬಿಸಿಲು ಮನೆಯಲ್ಲೇ ಉಳಿದ ತಾಯಿಯದು.

ಸಂಜೆಗೆ ನೆಲದ ಮೇಲೂ ಗೋಡೆಯ ಮೇಲೂ ಹನ್ನೆರಡು ಗುರುತುಗಳಾದವು. ಅವನ್ನೆಲ್ಲ ಕೌದಿಗೆ ತರುವುದು ಆಗದ ಮಾತು; ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಆಕೆ ಏಳನ್ನು ಮಾತ್ರ ಇಟ್ಟುಕೊಂಡಳು: ಪಡುವಣ ಗೋಡೆಯ ಓರೆ, ನೆಲದ ಮೇಲಿನ ಐದು, ಮೂಡಣ ಗೋಡೆಯ ಓರೆ. ಬೀಸುವ ಕಲ್ಲಿನ ದುಂಡನ್ನು ಸೇರಿಸಬೇಕೆಂಬ ಆಸೆಯಿತ್ತು, ಅದನ್ನೂ ಬಿಟ್ಟಳು. ಬಿಡುವುದೇ ಈ ಕೆಲಸದಲ್ಲಿ ಕಠಿಣ.

ಬಣ್ಣದ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕತ್ತಲೆಗೆ ತಾಯಿಯ ಚಂದ್ರಕಾಳಿ ಸೀರೆ. ಬಿಸಿಲಿನ ಹತ್ತಿರದ ನಸುಗತ್ತಲೆಗೆ ಇಳಕಲ್ ಸೀರೆಯ ದಾಳಿಂಬೆ ಬಣ್ಣದ ಸೆರಗು, ಗುಳೇದಗುಡ್ಡದ ಖಣದ ಚೂರು. ಬಿಸಿಲಿಗೆ ತಂದೆಯ ಧೋತರ. ತೊಳೆದು ತೊಳೆದು ಅದು ಬಿಳಿಯೂ ಅಲ್ಲದ ಹಳದಿಯೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲಿ ಆ ಬಣ್ಣ ಸಿಗುವುದಿಲ್ಲ.

ಇನ್ನು ಉಳಿದುದು ಒಳಗಿಡುವ ಕಾಗದ. ಕತ್ತಲೆಯ ತುಂಡುಗಳಿಗೆ ಹಳೆಯ ಲಗ್ನಪತ್ರಿಕೆಗಳು ಸಾಕಾದವು. ಮನೆ ಬರಿದು ಮಾಡುವಾಗ ತಮ್ಮ ಆಕೆಯ ಕೈಗೆ ಒಂದು ತಂತಿಯನ್ನು ಕೊಟ್ಟಿದ್ದ; ಬಂದ ಟಪಾಲನ್ನು ಚುಚ್ಚಿಡುವ ಕೊಂಡಿಯ ತಂತಿ. ಅದರಲ್ಲಿದ್ದುದೆಲ್ಲ ೧೯೭೦ರ ದಶಕದಲ್ಲಿ ಧಾರವಾಡದ ವಿದ್ಯಾರ್ಥಿನಿಲಯದಿಂದ ಆಕೆಯೇ ತಾಯಿಗೆ ಬರೆದ ಕಾರ್ಡುಗಳು. ನೆರೆಮನೆಯ ಹುಡುಗನಿಂದ ಓದಿಸಿ ಕೇಳಿ ತಾಯಿ ಅವನ್ನು ಅಲ್ಲಿ ಪೋಣಿಸುತ್ತಿದ್ದಳು. ಅಂಚೆ ಕಾರ್ಡಿಗಿಂತ ಈ ಹೊಲಿಗೆಗೆ ಹೇಳಿ ಮಾಡಿಸಿದ ಕಾಗದ ಮತ್ತೊಂದಿಲ್ಲ. ಸೂಜಿಗೆ ಮೆತ್ತಗೆ, ಮಡಿಕೆಗೆ ಗಟ್ಟಿ. ಆದರೆ ಅವುಗಳಿಗೆ ಕತ್ತರಿ ಹಾಕಲು ಆಕೆಯ ಕೈ ಏಳಲಿಲ್ಲ. ಒಂದು ರಾತ್ರಿ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕುಳಿತಾಗ ಲೆಕ್ಕವೊಂದು ಹೊಳೆಯಿತು. ಕಾರ್ಡಿನ ಉದ್ದ ೧೪ ಸೆಂಟಿಮೀಟರ್, ಅಗಲ ೯. ಎರಡನ್ನು ಉದ್ದಕ್ಕೆ ಕೂಡಿಸಿದರೆ ಬೆಳಗಿನ ಕಿರಿದಾದ ಬಿಸಿಲು. ಪಕ್ಕಕ್ಕೆ ಇನ್ನೆರಡು ಸೇರಿಸಿದರೆ ಹನ್ನೊಂದು ಗಂಟೆಯದು. ಮತ್ತೆರಡು ಸೇರಿಸಿದರೆ ಉದ್ದ ೨೮, ಅಗಲ ೨೭. ಚೌಕವೆನ್ನಲು ಒಂದು ಬೆರಳೂ ಕಡಿಮೆಯಿಲ್ಲ. ಇಳಿಹೊತ್ತಿಗೆ ಮರಳಿ ನಾಲ್ಕು, ಮರಳಿ ಎರಡು. ಹದಿನೆಂಟು ಕಾರ್ಡುಗಳು, ಒಂದನ್ನೂ ಕತ್ತರಿಸಬೇಕಾಗಿಲ್ಲ.

ಹೊಲಿಗೆಗೆ ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿದವು. ಏಳಡಿ ಉದ್ದ, ಐದಡಿ ಅಗಲದ ಮೇಲ್ಮೈ ಸಿದ್ಧವಾಯಿತು. ಲಗ್ನಪತ್ರಿಕೆಗಳನ್ನೆಲ್ಲ ಎಳೆದು ತೆಗೆದಾಯಿತು. ಕಾರ್ಡುಗಳ ಸರದಿ ಬಂದಾಗ ಆಕೆ ನಿಂತಳು. ೧೭೧೮ರ ಹೊದಿಕೆಯಲ್ಲಿ ಕಾಗದ ಉಳಿದಿಲ್ಲವೆ? ಇವೂ ಒಳಗೇ ಉಳಿಯಲಿ. ಬಿಸಿಲಿನ ಬೆನ್ನಿಗೆ ಅಕ್ಷರಗಳಿರಲಿ ಎಂದುಕೊಂಡಳು. ಒಳಗಿನ ಅಸ್ತರಿ ಹೊಲಿಯದೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟಳು. ಆದರೆ ಕಾಗದವಿರುವ ಹೊದಿಕೆಯನ್ನು ಒಗೆಯಲು ಬರುವುದಿಲ್ಲ. ಮಗ್ಗುಲು ಬದಲಿಸಿದರೆ ಅದು ಸದ್ದು ಮಾಡುತ್ತದೆ. ಮಕ್ಕಳಿಗೆ ಹೊದಿಸಲು ಅಂಜಿಕೆ. ತಾಯಿ ಹೊಲಿದ ಕೌದಿಗಳಲ್ಲಿ ಒಂದಾದರೂ ಪೆಟ್ಟಿಗೆಯಲ್ಲಿ ಉಳಿದದ್ದಿಲ್ಲ. ಎಲ್ಲವೂ ಹೊದ್ದು ಹರಿದವು.

ಮರುವರ್ಷದ ಬೇಸಗೆಯಲ್ಲಿ ಆಕೆ ಕಚ್ಚಾ ಹೊಲಿಗೆಯನ್ನು ಬಿಚ್ಚಿ ಹದಿನೆಂಟು ಕಾರ್ಡುಗಳನ್ನೂ ಒಂದೊಂದಾಗಿ ಹೊರತೆಗೆದಳು. ಅಸ್ತರಿ ಹೊಲಿದು, ನೀರಿಗೆ ಹಾಕಿ ಒಗೆದು, ಕೌದಿಯನ್ನು ಮಾಳಿಗೆಯ ಮೇಲೆ ಒಣಹಾಕಿದಳು. ಕಾರ್ಡುಗಳನ್ನು ಮರಳಿ ತಂತಿಗೆ ಪೋಣಿಸಿದಳು. ಪ್ರತಿಯೊಂದರ ನಡುವೆ ತಾಯಿ ಚುಚ್ಚಿದ ಒಂದು ತೂತು. ಈಗ ನಾಲ್ಕು ಅಂಚಿಗೂ ಸೂಜಿಯ ಸಾಲು.